ಪ್ಲಸೀಬೊ: ಔಷಧವಿಲ್ಲದ ಮಾತ್ರೆಗೆ ಸಂಶೋಧನೆಯಲ್ಲಿ ಏನು ಕೆಲಸ? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲಸೀಬೊ ಅಂದರೆ ಏನು?

ನೋಡಲು ಔಷಧದ ಹಾಗೇ ಇರುತ್ತದೆ, ಆದರೆ ಒಳಗೆ ಔಷಧ ಇರುವುದಿಲ್ಲ. ಮಾತ್ರೆ, ಕ್ಯಾಪ್ಸೂಲ್, ಇಂಜೆಕ್ಷನ್, ಮುಲಾಮು, ಇನ್‌ಹೇಲರ್, ಯಾವ ರೂಪದಲ್ಲಾದರೂ ಇರಬಹುದು. ಔಷಧವೇ ಆಗಬೇಕೆಂದೂ ಇಲ್ಲ. ಚರ್ಮದೊಳಗೆ ಇಳಿಯದ ಅಕ್ಯುಪಂಕ್ಚರ್ ಸೂಜಿ, ದೀಪ ಉರಿದರೂ ಕರೆಂಟ್ ಹರಿಸದ ಯಂತ್ರ, ಚರ್ಮವನ್ನಷ್ಟೇ ಕೊಯ್ದು ಹೊಲಿಗೆ ಹಾಕುವ ಆಪರೇಷನ್ ಕೂಡ ಪ್ಲಸೀಬೊಗಳೇ.

ಈ ಹೆಸರಿನಲ್ಲಿ ಎರಡು ಬೇರೆ ಬೇರೆ ವಿಷಯಗಳ ಮಾತು ನಡೆಯುತ್ತಿರುತ್ತದೆ. ಜನ ಎರಡನ್ನೂ ಕಲಸಿಬಿಡುತ್ತಾರೆ. ಒಂದು, ಹೊಸ ಔಷಧ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಅಳೆಯಲು ಬಳಸುವ ಪ್ಲಸೀಬೊ. ಇನ್ನೊಂದು, ಔಷಧ ತಗೊಂಡೆ ಅನ್ನುವ ನಂಬಿಕೆಯಿಂದಲೇ ನೋವು ಕಡಿಮೆಯಾಗುವ ಪ್ಲಸೀಬೊ ಪರಿಣಾಮ. ಸುದ್ದಿಯಾಗುವುದು ಎರಡನೆಯದು. ಸಂಶೋಧನೆಯಲ್ಲಿ ದಿನನಿತ್ಯದ ದುಡಿಮೆ ಮಾಡುವುದು ಮೊದಲನೆಯದು.

ಮಾತ್ರೆಯೊಳಗೆ ಏನಿರುತ್ತದೆ? ಬರೀ ಸಕ್ಕರೆಯೇ?

ಹೆಚ್ಚಾಗಿ ಲ್ಯಾಕ್ಟೋಸ್, ಪಿಷ್ಟ ಅಥವಾ ಸೆಲ್ಯುಲೋಸ್ ಪುಡಿ. ನಿಜವಾದ ಮಾತ್ರೆಗಳಲ್ಲೂ ಔಷಧದ ಜೊತೆ ತುಂಬುವುದು ಇವನ್ನೇ. ಇಂಜೆಕ್ಷನ್ ಆದರೆ ಸಲೈನ್, ಅಂದರೆ ಉಪ್ಪುನೀರು.

ಕಷ್ಟ ಇರುವುದು ಹೊರಗಿನ ರೂಪದಲ್ಲಿ. ಗಾತ್ರ, ಬಣ್ಣ, ಹೊಳಪು, ವಾಸನೆ, ನಾಲಗೆಗೆ ತಾಗಿದಾಗಿನ ಕಹಿ, ಎಲ್ಲವೂ ಒಂದೇ ಥರ ಇರಬೇಕು. ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ವಿಟಮಿನ್ ಸಿ ಕಥೆ ಇದೆ. ನೆಗಡಿಗೆ ವಿಟಮಿನ್ ಸಿ ಉಪಯೋಗವೇ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ನಡೆದ ಪ್ರಯೋಗದ ವರದಿ 1975ರಲ್ಲಿ ಬಂತು. ಭಾಗವಹಿಸಿದ್ದವರು ಅಲ್ಲಿನ ನೌಕರರೇ. ಕುತೂಹಲ ತಡೆಯಲಾಗದೆ ಎಷ್ಟೋ ಜನ ಕ್ಯಾಪ್ಸೂಲ್ ಬಿಡಿಸಿ ಪುಡಿಯ ರುಚಿ ನೋಡಿದರು. ಹುಳಿ ಇದ್ದರೆ ವಿಟಮಿನ್, ಸಿಹಿ ಇದ್ದರೆ ಲ್ಯಾಕ್ಟೋಸ್. ಗುಟ್ಟು ರಟ್ಟಾಯಿತು. ತಮಗೆ ಸಿಕ್ಕಿದ್ದು ಏನೆಂದು ಊಹಿಸಿದವರಲ್ಲಿ ವಿಟಮಿನ್‌ನಿಂದ ನೆಗಡಿಯ ದಿನಗಳು ಕಡಿಮೆಯಾದಂತೆ ಕಂಡವು. ಊಹಿಸದವರಲ್ಲಿ ಅಂಥ ವ್ಯತ್ಯಾಸವೇ ಕಾಣಲಿಲ್ಲ.

ಪ್ಲಸೀಬೊದೊಳಗಿನ ವಸ್ತು ಏನೂ ಮಾಡುವುದಿಲ್ಲ ಅನ್ನುವುದೂ ಪೂರ್ತಿ ನಿಜ ಅಲ್ಲ. ಮೀನೆಣ್ಣೆಯಿಂದ ತಯಾರಿಸಿದ ಹೃದ್ರೋಗದ ಔಷಧವೊಂದರ ದೊಡ್ಡ ಪ್ರಯೋಗದಲ್ಲಿ ಪ್ಲಸೀಬೊ ಆಗಿ ಖನಿಜ ಎಣ್ಣೆ ಬಳಸಿದ್ದರು. ಆ ಗುಂಪಿನವರ ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ಏರಿತು. ಔಷಧ ಒಳ್ಳೆಯದಿತ್ತೋ ಅಥವಾ ಎಣ್ಣೆಯೇ ಕೆಡುಕು ಮಾಡಿ ಔಷಧವನ್ನು ಒಳ್ಳೆಯದಾಗಿ ತೋರಿಸಿತೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಪ್ರಯೋಗದ ವರದಿಯಲ್ಲಿ ಪ್ಲಸೀಬೊ ಯಾವುದರಿಂದ ಮಾಡಿದ್ದು ಅಂತ ಬರೆದಿರಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ತುಂಬಾ ವರದಿಗಳಲ್ಲಿ ಬರೆದಿರುವುದಿಲ್ಲ.

ಔಷಧ ಕೊಟ್ಟು ಎಷ್ಟು ಜನಕ್ಕೆ ವಾಸಿಯಾಯಿತು ಎಂದು ಎಣಿಸಿದರೆ ಸಾಲದೇ?

ಸಾಲದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ವೈದ್ಯಕೀಯದಲ್ಲಿ ಅದು ದಿನಾ ನಡೆಯುತ್ತದೆ. ನೆಗಡಿ ಒಂದು ವಾರದಲ್ಲಿ ತಾನೇ ಹೋಗುತ್ತದೆ. ಬೆನ್ನುನೋವು, ಮೈಗ್ರೇನ್, ಅಲರ್ಜಿ, ಖಿನ್ನತೆಯಂಥವು ಏರಿಳಿಯುತ್ತಾ ಇರುತ್ತವೆ. ಜನ ಡಾಕ್ಟರ ಹತ್ತಿರ ಹೋಗುವುದು ನೋವು ತೀರಾ ಜಾಸ್ತಿಯಾದ ದಿನ. ಅಲ್ಲಿಂದ ಮುಂದೆ ಅದು ಇಳಿಯುವ ಸಾಧ್ಯತೆಯೇ ಹೆಚ್ಚು, ಏನು ಕೊಟ್ಟರೂ, ಏನೂ ಕೊಡದಿದ್ದರೂ. ಜೊತೆಗೆ ಊಟ, ನಿದ್ದೆ, ವಿಶ್ರಾಂತಿ ಬದಲಾಗಿರುತ್ತವೆ. "ಈಗ ಹೇಗಿದ್ದೀರಿ?" ಎಂದು ಡಾಕ್ಟರು ಅಕ್ಕರೆಯಿಂದ ಕೇಳಿದಾಗ "ಪರವಾಗಿಲ್ಲ ಡಾಕ್ಟ್ರೇ, ವಾಸಿ" ಎಂದು ಮರ್ಯಾದೆಗಾದರೂ ಹೇಳುವವರು ಇದ್ದೇ ಇರುತ್ತಾರೆ.

ಅದಕ್ಕೇ ಪ್ರಯೋಗದಲ್ಲಿ ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ಪ್ಲಸೀಬೊ ಕೊಡುತ್ತಾರೆ. ಮೇಲೆ ಹೇಳಿದ ಎಲ್ಲವೂ ಎರಡೂ ಗುಂಪುಗಳಲ್ಲಿ ಸಮನಾಗಿ ನಡೆಯುತ್ತವೆ. ಹಾಗಾಗಿ ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಔಷಧದ ಪಾಲು. ಪ್ಲಸೀಬೊದ ಕೆಲಸ ಅಷ್ಟೇ.

ಕಳೆಯದೆ ಹೋದರೆ ಪ್ರಾಣವೇ ಹೋಗಬಹುದು. 1980ರ ದಶಕದಲ್ಲಿ ಹೃದಯಾಘಾತವಾದವರಿಗೆ ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಮಾತ್ರೆಗಳನ್ನು ಕೊಡುತ್ತಿದ್ದರು. ಹೃದಯದ ಅಡ್ಡಾದಿಡ್ಡಿ ಬಡಿತ ಅದರಿಂದ ನಿಜಕ್ಕೂ ಕಡಿಮೆಯಾಗುತ್ತಿತ್ತು, ಇಸಿಜಿಯಲ್ಲಿ ಕಣ್ಣಾರೆ ಕಾಣುತ್ತಿತ್ತು. ಬಡಿತ ಸರಿಹೋದರೆ ಸಾವೂ ಕಡಿಮೆಯಾಗಬೇಕು ಅಲ್ವಾ? ಪ್ಲಸೀಬೊ ಇಟ್ಟು ನೋಡಿದಾಗ ಉಲ್ಟಾ ಆಯಿತು. ಔಷಧ ತಗೊಂಡ 755 ಜನರಲ್ಲಿ 63 ಮಂದಿ ತೀರಿಕೊಂಡರು. ಪ್ಲಸೀಬೊ ತಗೊಂಡ 743 ಜನರಲ್ಲಿ 26 ಮಂದಿ. 1989ರಲ್ಲಿ ಈ ಎರಡು ಔಷಧಗಳ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಆ ಮಾತ್ರೆ ಕೊಟ್ಟವರು ಯಾರೂ ಕೆಟ್ಟ ಡಾಕ್ಟರುಗಳಲ್ಲ. ಹೋಲಿಸಿ ನೋಡಲು ಎದುರಿಗೆ ಇನ್ನೊಂದು ಗುಂಪು ಇರಲಿಲ್ಲ, ಅಷ್ಟೇ.

ಹಾಗಾದರೆ ಪ್ಲಸೀಬೊ ಗುಂಪಿನಲ್ಲಿ ಕಂಡ ಸುಧಾರಣೆಯೆಲ್ಲ ನಂಬಿಕೆಯ ಫಲವೇ?

ಅಲ್ಲ. ಈ ವಿಷಯದಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ.

"ಮೂರನೇ ಒಂದು ಭಾಗದಷ್ಟು ರೋಗಿಗಳಿಗೆ ಪ್ಲಸೀಬೊದಿಂದಲೇ ವಾಸಿಯಾಗುತ್ತದೆ" ಎಂಬ ಮಾತನ್ನು ನೀವೂ ಕೇಳಿರಬಹುದು. ಅದರ ಮೂಲ 1955ರಲ್ಲಿ ಅಮೆರಿಕದ ವೈದ್ಯ ಹೆನ್ರಿ ಬೀಚರ್ ಬರೆದ ಲೇಖನ. ಅವರು ಹಳೆಯ 15 ಪ್ರಯೋಗಗಳನ್ನು ಸೇರಿಸಿ ಶೇ. 35 ಎಂಬ ಸರಾಸರಿ ಕೊಟ್ಟರು. ಆದರೆ ಪ್ಲಸೀಬೊ ತಗೊಂಡ ಮೇಲೆ ಸುಧಾರಿಸಿದವರನ್ನೆಲ್ಲ ಪ್ಲಸೀಬೊದಿಂದಲೇ ಸುಧಾರಿಸಿದವರೆಂದು ಎಣಿಸಿದ್ದರು. ತಾನಾಗೇ ವಾಸಿಯಾಗುವ ಪಾಲನ್ನು ಕಳೆದಿರಲಿಲ್ಲ. ಔಷಧದ ವಿಷಯದಲ್ಲಿ ಯಾವ ತಪ್ಪು ಮಾಡಬಾರದು ಎಂದು ಪ್ಲಸೀಬೊ ಇಡುತ್ತೇವೋ, ಪ್ಲಸೀಬೊ ವಿಷಯದಲ್ಲಿ ಅದೇ ತಪ್ಪು!

ನಿಜವಾದ ಪ್ಲಸೀಬೊ ಪರಿಣಾಮ ತಿಳಿಯಬೇಕಾದರೆ ಏನೂ ಕೊಡದ ಮೂರನೇ ಗುಂಪು ಬೇಕು. ಡೆನ್ಮಾರ್ಕಿನ ಸಂಶೋಧಕರಾದ ರೊಬ್ಯಾರ್ಟ್‌ಸನ್ ಮತ್ತು ಗೋಷೆ 2001ರಲ್ಲಿ ಹಾಗೆ ಮೂರನೇ ಗುಂಪು ಇದ್ದ 114 ಪ್ರಯೋಗಗಳನ್ನು ಒಟ್ಟಿಗೆ ನೋಡಿದರು. ನೋವಿನಂಥ, ರೋಗಿಯೇ ಹೇಳಬೇಕಾದ ವಿಷಯಗಳಲ್ಲಿ ಸಣ್ಣ ಲಾಭ ಕಂಡಿತು. ಯಂತ್ರದಲ್ಲೋ ರಕ್ತ ಪರೀಕ್ಷೆಯಲ್ಲೋ ಅಳೆಯುವ ವಿಷಯಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ.

ಇನ್ನೊಂದು ಉದಾಹರಣೆ. ಕೊಲೆಸ್ಟ್ರಾಲ್ ಔಷಧದ ಅಮೆರಿಕದ ಪ್ರಯೋಗವೊಂದರ ಪ್ಲಸೀಬೊ ಗುಂಪನ್ನು ಎರಡು ಭಾಗ ಮಾಡಿ ನೋಡಿದರು. ಹುಸಿ ಮಾತ್ರೆಗಳನ್ನು ತಪ್ಪದೆ ನುಂಗಿದವರಲ್ಲಿ ಐದು ವರ್ಷದಲ್ಲಿ ಸತ್ತವರು ಸುಮಾರು ಶೇ. 15. ಆಗಾಗ ತಪ್ಪಿಸಿದವರಲ್ಲಿ ಸುಮಾರು ಶೇ. 28. ಔಷಧವೇ ಇಲ್ಲದ ಮಾತ್ರೆ ಸಾವನ್ನು ಅರ್ಧಕ್ಕಿಳಿಸಿತೇ? ಇಲ್ಲ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುವವರು ಬೇರೆ ವಿಷಯಗಳಲ್ಲೂ ಜೋಪಾನವಾಗಿರುತ್ತಾರೆ. ಹುಷಾರಿಲ್ಲದೆ ಸೋತವರಿಗೆ ಮಾತ್ರೆ ನುಂಗುವುದೂ ಭಾರವೇ. 1980ರಲ್ಲಿ ಪ್ರಕಟವಾದ ಈ ಲೆಕ್ಕ ನೋಡಿದ ಮೇಲೆ, "ನಮ್ಮ ಔಷಧವನ್ನು ಸರಿಯಾಗಿ ತಗೊಂಡವರು ಹೆಚ್ಚು ಬದುಕಿದರು" ಅನ್ನುವ ಜಾಹೀರಾತನ್ನು ನಂಬುವುದು ಕಷ್ಟ.

ಯಾರಿಗೆ ಔಷಧ, ಯಾರಿಗೆ ಪ್ಲಸೀಬೊ ಎಂದು ಯಾರು ನಿರ್ಧರಿಸುತ್ತಾರೆ?

ಯಾರೂ ಅಲ್ಲ. ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತಯಾರಿಸಿದ ಪಟ್ಟಿ ನಿರ್ಧರಿಸುತ್ತದೆ. ಡಬ್ಬಿಗಳ ಮೇಲೆ ಹೆಸರಿನ ಬದಲು ಸಂಕೇತ ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಅರ್ಥ ರೋಗಿಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ. ಇದೇ ಡಬಲ್ ಬ್ಲೈಂಡ್ ಪದ್ಧತಿ.

ಎರಡು ಔಷಧಗಳ ರೂಪವೇ ಬೇರೆಯಾದರೆ, ಉದಾಹರಣೆಗೆ ಒಂದು ಮಾತ್ರೆ ಇನ್ನೊಂದು ಇಂಜೆಕ್ಷನ್ ಆದರೆ, ಎಲ್ಲರಿಗೂ ಎರಡನ್ನೂ ಕೊಡುತ್ತಾರೆ. ಒಬ್ಬರಿಗೆ ಅಸಲಿ ಮಾತ್ರೆ ಮತ್ತು ಹುಸಿ ಇಂಜೆಕ್ಷನ್, ಇನ್ನೊಬ್ಬರಿಗೆ ಹುಸಿ ಮಾತ್ರೆ ಮತ್ತು ಅಸಲಿ ಇಂಜೆಕ್ಷನ್. ಇದಕ್ಕೆ ಡಬಲ್ ಡಮ್ಮಿ ಅನ್ನುತ್ತಾರೆ.

ರೋಗಿಗೆ ತುರ್ತು ಪರಿಸ್ಥಿತಿ ಬಂದರೆ ಗುಟ್ಟು ಬಿಚ್ಚಿ ನೋಡುವ ವ್ಯವಸ್ಥೆ ಇರುತ್ತದೆ. ದೊಡ್ಡ ಪ್ರಯೋಗಗಳಲ್ಲಿ ಬೇರೆಯದೇ ಸುರಕ್ಷಾ ಸಮಿತಿಯೊಂದು ನಡುನಡುವೆ ಎರಡೂ ಗುಂಪಿನ ಅಂಕಿ ನೋಡುತ್ತಿರುತ್ತದೆ. ಮೇಲೆ ಹೇಳಿದ ಹೃದಯದ ಪ್ರಯೋಗ ಅರ್ಧಕ್ಕೆ ನಿಂತದ್ದು ಹೀಗೆ ನೋಡುವವರು ಇದ್ದದ್ದರಿಂದಲೇ.

ರೋಗಿಗೆ ಹೇಳಬಾರದು, ಸರಿ. ಡಾಕ್ಟರಿಗೂ ಯಾಕೆ ಹೇಳಬಾರದು?

ಡಾಕ್ಟರಿಗೂ ಕಣ್ಣು ಮೋಸ ಮಾಡುತ್ತದೆ. ಕೆನಡಾದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಚಿಕಿತ್ಸೆಯ ಪ್ರಯೋಗವೊಂದರಲ್ಲಿ ಪ್ರತಿ ರೋಗಿಯನ್ನೂ ಇಬ್ಬರು ನರರೋಗ ತಜ್ಞರು ಪರೀಕ್ಷಿಸಿದರು. ಒಬ್ಬರಿಗೆ ರೋಗಿ ಯಾವ ಗುಂಪಿನವರೆಂದು ಗೊತ್ತಿತ್ತು, ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ ಚಿಕಿತ್ಸೆಯಿಂದ ಲಾಭ ಕಂಡಿತು. ಗೊತ್ತಿಲ್ಲದವರಿಗೆ ಕಾಣಲಿಲ್ಲ. ಅದೇ ರೋಗಿ, ಅದೇ ಕೈಕಾಲು, ಅದೇ ಪರೀಕ್ಷೆ. 1994ರಲ್ಲಿ ಪ್ರಕಟವಾದ ಈ ವರದಿಯಲ್ಲಿ ಯಾರೂ ಬೇಕಂತ ಸುಳ್ಳು ಬರೆದಿರಲಿಲ್ಲ. ನಡಿಗೆ ಸ್ವಲ್ಪ ಸುಧಾರಿಸಿದೆಯೋ ಇಲ್ಲವೋ ಅನ್ನುವಂಥ ಕಡೆ ಮನಸ್ಸು ತನಗೆ ಬೇಕಾದ ಕಡೆಗೆ ವಾಲುತ್ತದೆ.

ಅಡ್ಡಪರಿಣಾಮ ನೋಡಿಯೇ ಯಾವುದು ಔಷಧ ಎಂದು ಊಹಿಸಿಬಿಡುವುದಿಲ್ಲವೇ?

ಊಹಿಸುತ್ತಾರೆ. ಬಾಯಿ ಒಣಗಿತು ಅಂದರೆ ನನಗೆ ಅಸಲಿ ಸಿಕ್ಕಿದೆ ಎಂದು ಲೆಕ್ಕ ಹಾಕುತ್ತಾರೆ. ಅದಕ್ಕೇ ಖಿನ್ನತೆಯ ಔಷಧಗಳ ಕೆಲವು ಹಳೆಯ ಪ್ರಯೋಗಗಳಲ್ಲಿ ಪ್ಲಸೀಬೊ ಜಾಗದಲ್ಲಿ ಅಟ್ರೋಪಿನ್ ಕೊಟ್ಟರು. ಅದು ಬಾಯಿ ಒಣಗಿಸುತ್ತದೆ, ಖಿನ್ನತೆಗೆ ಏನೂ ಮಾಡುವುದಿಲ್ಲ. ಇದಕ್ಕೆ ಆಕ್ಟಿವ್ ಪ್ಲಸೀಬೊ ಎಂದು ಹೆಸರು.

ಮನಸ್ಸಿನ ಸ್ಥಿತಿಯನ್ನೇ ಬದಲಿಸುವ ಔಷಧಗಳಲ್ಲಿ ಈ ತೊಂದರೆ ವಿಪರೀತ. ಎಂಡಿಎಂಎ ಎಂಬ ಮಾದಕವಸ್ತು ಬಳಸಿ ಮಾನಸಿಕ ಆಘಾತಕ್ಕೆ ಕೊಡುವ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಅನುಮತಿ ನಿರಾಕರಿಸಿತು. ಆ ಚರ್ಚೆಯಲ್ಲಿ ಮತ್ತೆ ಮತ್ತೆ ಬಂದ ತಕರಾರುಗಳಲ್ಲಿ ಇದೂ ಒಂದು. ಯಾರಿಗೆ ಏನು ಸಿಕ್ಕಿತೆಂದು ಬಹುತೇಕ ಎಲ್ಲರಿಗೂ ತಿಳಿದುಬಿಡುತ್ತಿತ್ತು. ಇದಕ್ಕೆ ಸರಿಯಾದ ಉಪಾಯ ಇನ್ನೂ ಸಿಕ್ಕಿಲ್ಲ.

ಈ ಪದ್ಧತಿ ಎಂದಿನಿಂದ ಇದೆ?

ಪ್ಯಾರಿಸ್ಸಿನಲ್ಲಿ ಮೆಸ್ಮರ್ ಎಂಬ ವೈದ್ಯ ಕಣ್ಣಿಗೆ ಕಾಣದ ಕಾಂತಶಕ್ತಿಯಿಂದ ರೋಗ ಗುಣಪಡಿಸುತ್ತೇನೆಂದು ಹೆಸರು ಮಾಡಿದ್ದ. 1784ರಲ್ಲಿ ದೊರೆ 16ನೇ ಲೂಯಿ ಇದನ್ನು ಪರೀಕ್ಷಿಸಲು ಸಮಿತಿ ನೇಮಿಸಿದ. ಆಗ ಅಲ್ಲೇ ಇದ್ದ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ರಸಾಯನ ವಿಜ್ಞಾನಿ ಲಾವಾಸಿಯೇ ಸಮಿತಿಯಲ್ಲಿದ್ದರು. ಫ್ರಾಂಕ್ಲಿನ್ ಮನೆಯ ತೋಟದಲ್ಲಿ ಮೆಸ್ಮರನ ಶಿಷ್ಯ ಒಂದು ಮರಕ್ಕೆ ಶಕ್ತಿ ತುಂಬಿದ. ಹನ್ನೆರಡು ವರ್ಷದ ಹುಡುಗನೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಒಂದೊಂದೇ ಮರದ ಹತ್ತಿರ ಕರೆದೊಯ್ದರು. ಶಕ್ತಿ ತುಂಬದ ಮರಗಳ ಹತ್ತಿರವೇ ಹುಡುಗನಿಗೆ ಬೆವರು, ಕೆಮ್ಮು, ತಲೆನೋವು ಶುರುವಾಯಿತು. ನಾಲ್ಕನೇ ಮರದ ಹತ್ತಿರ ಮೂರ್ಛೆ ಹೋದ. ಶಕ್ತಿ ತುಂಬಿದ್ದು ಬೇರೆ ಮರಕ್ಕೆ!

1799ರಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ವೈದ್ಯ ಜಾನ್ ಹೇಗಾರ್ತ್ ಇನ್ನೊಂದು ಪರೀಕ್ಷೆ ಮಾಡಿದರು. ಮೈಮೇಲೆ ಎಳೆದರೆ ನೋವು ಹೋಗುತ್ತದೆ ಎಂದು ದುಬಾರಿ ಲೋಹದ ಕಡ್ಡಿಗಳು ಮಾರಾಟವಾಗುತ್ತಿದ್ದವು. ಅವರು ಅದೇ ಬಣ್ಣದ ಮರದ ಕಡ್ಡಿ ಮಾಡಿಸಿ ಐದು ಸಂಧಿವಾತ ರೋಗಿಗಳ ಮೇಲೆ ಎಳೆದರು. ನಾಲ್ವರು ನೋವು ಇಳಿಯಿತು ಅಂದರು. ಮರುದಿನ ಅಸಲಿ ಲೋಹದ್ದು ಬಳಸಿದಾಗಲೂ ಅಷ್ಟೇ ಫಲ.

ಈಗಿನ ರೂಪ ಬಂದದ್ದು 1940ರ ದಶಕದ ಬ್ರಿಟನ್ನಿನಲ್ಲಿ. ಒಂದು ಸ್ವಾರಸ್ಯ ಹೇಳಬೇಕು. ಆಧುನಿಕ ಪ್ರಯೋಗಗಳ ಮಾದರಿ ಎನಿಸಿಕೊಂಡ, 1948ರಲ್ಲಿ ಪ್ರಕಟವಾದ ಕ್ಷಯದ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ ಪ್ಲಸೀಬೊ ಇರಲೇ ಇಲ್ಲ. ಔಷಧವನ್ನು ದಿನಕ್ಕೆ ನಾಲ್ಕು ಇಂಜೆಕ್ಷನ್‌ನಂತೆ ತಿಂಗಳುಗಟ್ಟಲೆ ಕೊಡಬೇಕಿತ್ತು. ಹಾಸಿಗೆ ಹಿಡಿದವರಿಗೆ ಅಷ್ಟು ಸಲ ಸುಮ್ನೆ ಉಪ್ಪುನೀರು ಚುಚ್ಚುವುದು ಬೇಡ ಎಂದು ಬಿಟ್ಟರು. ಬದಲಿಗೆ ಎಕ್ಸ್-ರೇ ಓದುವವರಿಗೆ ಯಾವುದು ಯಾರ ಚಿತ್ರ ಎಂದು ತಿಳಿಸಲಿಲ್ಲ.

ರೋಗಿಗೆ ಹುಸಿ ಔಷಧ ಕೊಡುವುದು ಮೋಸ ಅಲ್ವಾ?

ಹೇಳದೆ ಕೊಟ್ಟರೆ ಮೋಸವೇ. ಪ್ರಯೋಗದಲ್ಲಿ ಹೇಳಿಯೇ ಕೊಡುತ್ತಾರೆ. "ನಿಮಗೆ ಔಷಧ ಸಿಗಬಹುದು, ಪ್ಲಸೀಬೊ ಸಿಗಬಹುದು, ಯಾವುದೆಂದು ಮುಗಿಯುವವರೆಗೆ ಹೇಳುವುದಿಲ್ಲ" ಎಂದು ಒಪ್ಪಿಗೆ ಪತ್ರದಲ್ಲಿ ಬರೆದಿರಬೇಕು. ಬೇಡವೆಂದರೆ ಯಾವಾಗ ಬೇಕಾದರೂ, ಕಾರಣ ಕೊಡದೆ, ಹೊರಬರಬಹುದು.

ಕ್ಯಾನ್ಸರ್, ಎಚ್‌ಐವಿಯಂಥ ಕಾಯಿಲೆ ಇದ್ದವರಿಗೂ ಬರೀ ಪ್ಲಸೀಬೊ ಕೊಡುತ್ತಾರಾ?

ಒಳ್ಳೆಯ ಚಿಕಿತ್ಸೆ ಆಗಲೇ ಇದ್ದರೆ ಹಾಗೆ ಮಾಡಬಾರದು. ವೈದ್ಯಕೀಯ ಸಂಶೋಧನೆಯ ನೀತಿ ನಿಯಮಗಳಾದ, 1964ರಲ್ಲಿ ಶುರುವಾಗಿ ಹಲವು ಸಲ ತಿದ್ದಿದ ಹೆಲ್ಸಿಂಕಿ ಘೋಷಣೆ ಹೇಳುವುದು ಇದನ್ನೇ. ಹೊಸ ಚಿಕಿತ್ಸೆಯನ್ನು ಇರುವ ಚಿಕಿತ್ಸೆಗಳಲ್ಲಿ ಅತ್ಯುತ್ತಮವಾದುದರ ಜೊತೆ ಹೋಲಿಸಬೇಕು. ಚಿಕಿತ್ಸೆಯೇ ಇಲ್ಲದಿದ್ದರೆ ಪ್ಲಸೀಬೊ ಸರಿ. ಪ್ಲಸೀಬೊ ಬಳಸಲು ಬಲವಾದ ವೈಜ್ಞಾನಿಕ ಕಾರಣವಿದ್ದು, ರೋಗಿಗೆ ಗಂಭೀರವಾದ ಅಥವಾ ಸರಿಪಡಿಸಲಾಗದ ಹಾನಿ ಆಗುವುದಿಲ್ಲ ಎಂದಿದ್ದರೂ ಸರಿ. ಕ್ಯಾನ್ಸರ್ ಪ್ರಯೋಗಗಳಲ್ಲಿ ಹೆಚ್ಚಾಗಿ ಎರಡೂ ಗುಂಪಿಗೆ ಇರುವ ಚಿಕಿತ್ಸೆ ಸಿಗುತ್ತದೆ. ಅದರ ಮೇಲೆ ಒಂದು ಗುಂಪಿಗೆ ಹೊಸ ಔಷಧ, ಇನ್ನೊಂದಕ್ಕೆ ಪ್ಲಸೀಬೊ.

ಬರಹದಲ್ಲಿ ಸ್ಪಷ್ಟವಾಗಿ ಕಂಡರೂ ಆಚರಣೆಯಲ್ಲಿ ಜಗಳ ತಪ್ಪಿಲ್ಲ. ಎಚ್‌ಐವಿ ಇರುವ ಗರ್ಭಿಣಿಗೆ ಎಜಡ್‌ಟಿ ಎಂಬ ಔಷಧ ಕೊಟ್ಟರೆ ಮಗುವಿಗೆ ಎಚ್‌ಐವಿ ಹರಡುವ ಪ್ರಮಾಣ ಶೇ. 25.5ರಿಂದ ಶೇ. 8.3ಕ್ಕೆ ಇಳಿಯುತ್ತದೆ ಎಂದು 1994ರಲ್ಲೇ ಗೊತ್ತಾಗಿತ್ತು. ಆದರೂ ಆ ಬಳಿಕ ಕೆಲವು ಬಡ ದೇಶಗಳಲ್ಲಿ ಕಡಿಮೆ ಖರ್ಚಿನ, ಕಡಿಮೆ ಅವಧಿಯ ಚಿಕಿತ್ಸೆ ಪರೀಕ್ಷಿಸುವಾಗ ಒಂದು ಗುಂಪಿನ ಗರ್ಭಿಣಿಯರಿಗೆ ಪ್ಲಸೀಬೊ ಕೊಟ್ಟರು. ಆ ದೇಶಗಳಲ್ಲಿ ಹೇಗೂ ಚಿಕಿತ್ಸೆ ಸಿಗುತ್ತಿರಲಿಲ್ಲ, ಬೇಗ ಉತ್ತರ ಬೇಕಿತ್ತು ಎಂದು ಕೆಲವರು ಸಮರ್ಥಿಸಿದರು. ಶ್ರೀಮಂತ ದೇಶದಲ್ಲಿ ಮಾಡಲಾಗದ್ದನ್ನು ಬಡವರ ಮೇಲೆ ಮಾಡಿದ್ದೀರಿ ಎಂದು 1997ರಲ್ಲಿ ಕಟುವಾದ ಟೀಕೆ ಬಂತು. ನನಗೆ ಟೀಕಿಸಿದವರ ಮಾತೇ ಸರಿ ಅನ್ನಿಸುತ್ತದೆ.

ಆಪರೇಷನ್‌ಗೂ ಪ್ಲಸೀಬೊ ಇರುತ್ತದೆಯೇ?

ಇರುತ್ತದೆ. ಕೇಳಿದಾಗ ಗಾಬರಿಯಾಗುತ್ತದೆ, ನಿಜ. ಆದರೆ ಇಲ್ಲಿ ಸಿಕ್ಕ ಪಾಠಗಳು ದೊಡ್ಡವು.

1950ರ ದಶಕದಲ್ಲಿ ಎದೆನೋವಿಗೆ ಎದೆಯ ಒಂದು ರಕ್ತನಾಳ ಕಟ್ಟುವ ಆಪರೇಷನ್ ಜನಪ್ರಿಯವಾಗಿತ್ತು. 1959ರಲ್ಲಿ 17 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಕೆಲವರಿಗೆ ನಾಳ ಕಟ್ಟಿದರು, ಕೆಲವರಿಗೆ ಚರ್ಮ ಮಾತ್ರ ಕೊಯ್ದರು. ಎರಡೂ ಗುಂಪಿನವರಿಗೆ ಒಂದೇ ಥರ ಆರಾಮ. ಆಪರೇಷನ್ ಮೂಲೆಗೆ ಸೇರಿತು.

2002ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಂಡಿ ಸವೆತದ 180 ರೋಗಿಗಳ ಪ್ರಯೋಗದ ವರದಿ ಬಂತು. ಒಂದು ಗುಂಪಿಗೆ ಮಂಡಿಯೊಳಗೆ ಕೊಳವೆ ಇಳಿಸಿ ತೊಳೆದರು, ಇನ್ನೊಂದಕ್ಕೆ ಒಳಗೆ ಕೆರೆದು ಸರಿಪಡಿಸಿದರು. ಮೂರನೆಯ ಗುಂಪಿಗೆ ಮಂಪರು ಬರುವ ಔಷಧ ಕೊಟ್ಟು, ಚರ್ಮದ ಮೇಲೆ ಗೀರಿ, ನಿಜವಾದ ಆಪರೇಷನ್‌ನ ಸದ್ದು ಗದ್ದಲ ಮಾಡಿ, ಏನೂ ಮಾಡದೆ ಹೊಲಿಗೆ ಹಾಕಿದರು. ಎರಡು ವರ್ಷವಾದರೂ ನೋವಿನಲ್ಲಿ, ನಡೆದಾಡುವುದರಲ್ಲಿ ಮೂರು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಈ ಆಪರೇಷನ್ ಆಗ ವರ್ಷಕ್ಕೆ ಲಕ್ಷಗಟ್ಟಲೆ ನಡೆಯುತ್ತಿತ್ತು.

ಎಲ್ಲ ಸಲವೂ ಆಪರೇಷನ್ ಸೋಲುವುದಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕುವುದರ ಮೇಲೆ ಬ್ರಿಟನ್ನಿನಲ್ಲಿ ನಡೆದ ಪ್ರಯೋಗದಲ್ಲಿ, ಚೆನ್ನಾಗಿ ಮಾತ್ರೆ ತಗೊಳ್ಳುತ್ತಿದ್ದ ಎದೆನೋವಿನ ರೋಗಿಗಳಿಗೆ ಹುಸಿ ಚಿಕಿತ್ಸೆಗಿಂತ ಸ್ಟೆಂಟ್‌ನಿಂದ ಸ್ಪಷ್ಟ ಲಾಭ ಕಾಣಲಿಲ್ಲ. ಅದು 2017ರಲ್ಲಿ. ಅದೇ ತಂಡ ಮಾತ್ರೆ ನಿಲ್ಲಿಸಿದವರ ಮೇಲೆ ಮತ್ತೆ ಪ್ರಯೋಗ ಮಾಡಿ 2023ರಲ್ಲಿ ವರದಿ ಕೊಟ್ಟಿತು. ಈ ಸಲ ಸ್ಟೆಂಟ್ ಹಾಕಿಸಿಕೊಂಡವರಿಗೆ ಎದೆನೋವು ನಿಜಕ್ಕೂ ಕಡಿಮೆಯಾಗಿತ್ತು. ಇವೆರಡೂ ಮಾತು ಹೃದಯಾಘಾತವಾಗುತ್ತಿರುವಾಗ ತುರ್ತಾಗಿ ಹಾಕುವ ಸ್ಟೆಂಟ್‌ಗೆ ಅನ್ವಯಿಸುವುದಿಲ್ಲ. ಅಲ್ಲಿ ಅದು ಜೀವ ಉಳಿಸುತ್ತದೆ.

ಲಸಿಕೆಗಳನ್ನು ಹೇಗೆ ಪರೀಕ್ಷಿಸುತ್ತಾರೆ?

1954ರಲ್ಲಿ ಅಮೆರಿಕದಲ್ಲಿ ನಡೆದ ಸಾಲ್ಕ್ ಪೋಲಿಯೊ ಲಸಿಕೆಯ ಪ್ರಯೋಗ ನೋಡಿ. ಚೀಟಿ ಪದ್ಧತಿ ಬಳಸಿದ ಊರುಗಳಲ್ಲಿ ಸುಮಾರು 2 ಲಕ್ಷ ಮಕ್ಕಳಿಗೆ ಲಸಿಕೆ, ಇನ್ನು 2 ಲಕ್ಷ ಮಕ್ಕಳಿಗೆ ಪ್ಲಸೀಬೊ ಇಂಜೆಕ್ಷನ್. ಲಸಿಕೆ ಪಡೆದವರಲ್ಲಿ ಲಕ್ಷಕ್ಕೆ 28 ಮಕ್ಕಳಿಗೆ ಪೋಲಿಯೊ ಬಂತು, ಪ್ಲಸೀಬೊ ಪಡೆದವರಲ್ಲಿ ಲಕ್ಷಕ್ಕೆ 71. ನನಗೆ ಹೆಚ್ಚು ಸ್ವಾರಸ್ಯ ಅನ್ನಿಸುವುದು ಮೂರನೇ ಅಂಕಿ. ತಂದೆತಾಯಿ ಒಪ್ಪಿಗೆ ಕೊಡದ ಮಕ್ಕಳಲ್ಲಿ ಲಕ್ಷಕ್ಕೆ 46.

ಲಸಿಕೆಯೂ ಇಲ್ಲ, ಪ್ಲಸೀಬೊವೂ ಇಲ್ಲ, ಆದರೂ ಪ್ಲಸೀಬೊ ಗುಂಪಿಗಿಂತ ಕಡಿಮೆ! ಕಾರಣ ಇಷ್ಟೇ. ಒಪ್ಪಿಗೆ ಕೊಟ್ಟವರಲ್ಲಿ ಅನುಕೂಲಸ್ಥರು ಜಾಸ್ತಿ ಇದ್ದರು. ತುಂಬಾ ಚೊಕ್ಕವಾಗಿ ಬೆಳೆದ ಮಕ್ಕಳಿಗೆ ಪೋಲಿಯೊ ಆಗ ಹೆಚ್ಚು ಕಾಡುತ್ತಿತ್ತು. ಬಡ ಮನೆಯ ಮಕ್ಕಳಿಗೆ ತಾಯಿಯಿಂದ ಬಂದ ರಕ್ಷಣೆ ಇರುವಾಗಲೇ ಸೋಂಕು ತಗುಲಿ, ರೋಗನಿರೋಧಕ ಶಕ್ತಿ ಬಂದಿರುತ್ತಿತ್ತು. ಲಸಿಕೆ ಪಡೆದವರನ್ನು ಒಪ್ಪದವರ ಜೊತೆ ಹೋಲಿಸಿದ್ದರೆ ಲಸಿಕೆಯ ಬಲ ಕಡಿಮೆ ಎಂದು ತೋರುತ್ತಿತ್ತು. ಹೋಲಿಕೆಯ ಗುಂಪು ಒಪ್ಪಿಗೆ ಕೊಟ್ಟವರೊಳಗಿಂದಲೇ ಬರಬೇಕು ಅನ್ನುವುದು ಅದಕ್ಕೇ.

ಕೆಲವು ಲಸಿಕೆ ಪ್ರಯೋಗಗಳಲ್ಲಿ ಉಪ್ಪುನೀರಿನ ಬದಲು ಬೇರೆ ರೋಗದ ಲಸಿಕೆ ಕೊಡುತ್ತಾರೆ. ತೋಳು ನೋಯುವುದರಿಂದ ಗುಟ್ಟು ಉಳಿಯುತ್ತದೆ. ಭಾಗವಹಿಸಿದವರಿಗೂ ಏನೋ ಒಂದು ಲಾಭ.

ಪ್ಲಸೀಬೊ ತಗೊಂಡಾಗ ದೇಹದಲ್ಲಿ ನಿಜಕ್ಕೂ ಏನಾದರೂ ನಡೆಯುತ್ತದೆಯೇ?

ನಡೆಯುತ್ತದೆ. 1978ರಲ್ಲಿ ಲೆವಿನ್, ಗಾರ್ಡನ್, ಫೀಲ್ಡ್ಸ್ ಎಂಬ ಸಂಶೋಧಕರು ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ ಪ್ಲಸೀಬೊ ಕೊಟ್ಟರು. ಕೆಲವರಿಗೆ ನೋವು ಇಳಿಯಿತು. ಅಂಥವರಿಗೆ ನಲಾಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ನಲಾಕ್ಸೋನ್ ಮಾಡುವುದು ಮಾರ್ಫಿನ್‌ನಂಥ ವಸ್ತುಗಳ ಕೆಲಸ ತಡೆಯುವುದು. ಅಂದರೆ ಔಷಧ ಬಂತೆಂದು ನಂಬಿದಾಗ ಮೆದುಳು ತನ್ನದೇ ನೋವುನಿವಾರಕ ಬಿಡುತ್ತದೆ ಎಂದಾಯಿತು. ಪಾರ್ಕಿನ್ಸನ್ ರೋಗಿಗಳು ಪ್ಲಸೀಬೊ ತಗೊಂಡಾಗ ಮೆದುಳಿನಲ್ಲಿ ಡೋಪಮಿನ್ ಬಿಡುಗಡೆಯಾಗುವುದನ್ನು 2001ರಲ್ಲಿ ಸ್ಕ್ಯಾನ್‌ನಲ್ಲೇ ನೋಡಿದರು.

ಇದರ ಇನ್ನೊಂದು ಮುಖವನ್ನು ಇಟಲಿಯ ಸಂಶೋಧಕ ಬೆನೆದೆತ್ತಿ ತೋರಿಸಿದರು. ನರ್ಸ್ ಎದುರು ನಿಂತು ನೋವಿನ ಇಂಜೆಕ್ಷನ್ ಕೊಟ್ಟಾಗಿನದಕ್ಕಿಂತ, ರೋಗಿಗೆ ಗೊತ್ತಾಗದಂತೆ ಯಂತ್ರದ ಮೂಲಕ ಅಷ್ಟೇ ಔಷಧ ಹರಿಸಿದಾಗ ನೋವು ಇಳಿಯುವುದು ಕಡಿಮೆ. ಅಸಲಿ ಔಷಧದಲ್ಲೂ ಒಂದು ಪಾಲು ಪ್ಲಸೀಬೊ ಬೆರೆತಿರುತ್ತದೆ. "ಆ ಡಾಕ್ಟರ ಕೈಗುಣ ಚೆನ್ನಾಗಿದೆ" ಎಂದು ಜನ ಹೇಳುವುದರಲ್ಲಿ ಸ್ವಲ್ಪ ಸತ್ಯ ಇಲ್ಲದೆ ಇಲ್ಲ.

ಹಾಗಿದ್ದರೆ ಕಾಯಿಲೆಯನ್ನೇ ವಾಸಿ ಮಾಡಬಹುದಲ್ಲ?

ಇದಕ್ಕೆ 2011ರ ಆಸ್ತಮಾ ಪ್ರಯೋಗಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ. ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ದಿನ ನಾಲ್ಕು ಬಗೆ: ಅಸಲಿ ಇನ್‌ಹೇಲರ್, ಹುಸಿ ಇನ್‌ಹೇಲರ್, ಹುಸಿ ಅಕ್ಯುಪಂಕ್ಚರ್, ಏನೂ ಇಲ್ಲ. ಎಷ್ಟು ಸುಧಾರಿಸಿತು ಎಂದು ರೋಗಿಗಳನ್ನೇ ಕೇಳಿದರು. ಅಸಲಿಗೆ ಶೇ. 50, ಹುಸಿ ಇನ್‌ಹೇಲರ್‌ಗೆ ಶೇ. 45, ಹುಸಿ ಸೂಜಿಗೆ ಶೇ. 46. ಏನೂ ಕೊಡದ ದಿನ ಶೇ. 21. ಆಮೇಲೆ ಯಂತ್ರದಲ್ಲಿ ಊದಿಸಿ ಶ್ವಾಸಕೋಶದ ಬಲ ಅಳೆದರು. ಅಸಲಿ ಇನ್‌ಹೇಲರ್‌ನಿಂದ ಶೇ. 20ರಷ್ಟು ಹೆಚ್ಚಿತ್ತು. ಉಳಿದ ಮೂರರಲ್ಲೂ ಸುಮಾರು ಶೇ. 7.

ಉಸಿರು ಸಲೀಸಾಯಿತು ಅನ್ನಿಸಿತು. ಉಸಿರಿನ ಕೊಳವೆ ಮಾತ್ರ ಬಿಗಿದೇ ಇತ್ತು. ಪ್ಲಸೀಬೊ ನೋವು, ವಾಕರಿಕೆ, ಸುಸ್ತು, ಆತಂಕದಂಥ ಅನುಭವಗಳನ್ನು ಹಗುರ ಮಾಡಬಲ್ಲದು. ಗೆಡ್ಡೆ ಕರಗಿಸುವುದಿಲ್ಲ, ಸೋಂಕು ತೊಲಗಿಸುವುದಿಲ್ಲ, ಮೂಳೆ ಕೂಡಿಸುವುದಿಲ್ಲ. ಆಸ್ತಮಾ ರೋಗಿ ಆರಾಮ ಅನ್ನಿಸಿತೆಂದು ಇನ್‌ಹೇಲರ್ ಬಿಟ್ಟರೆ ಜೀವಕ್ಕೇ ಅಪಾಯ.

ಪ್ಲಸೀಬೊದಿಂದ ತೊಂದರೆಯೂ ಆಗುತ್ತದೆಯೇ?

ಆಗುತ್ತದೆ. ಕೆಡುಕು ಆಗುತ್ತದೆ ಎಂದು ಕಾಯುತ್ತಿದ್ದರೆ ಕೆಡುಕೇ ಅನುಭವಕ್ಕೆ ಬರುತ್ತದೆ. ಇದನ್ನು ನೊಸೀಬೊ ಅನ್ನುತ್ತಾರೆ.

ಕೊಲೆಸ್ಟ್ರಾಲ್‌ನ ಸ್ಟ್ಯಾಟಿನ್ ಮಾತ್ರೆಯಿಂದ ಮೈಕೈ ನೋವು ಎಂದು ಬಿಟ್ಟವರು ಬಹಳ. ಅಂಥ 60 ಜನರನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಆರಿಸಿಕೊಂಡರು. ಒಬ್ಬೊಬ್ಬರಿಗೂ 12 ಬಾಟಲಿ, ತಿಂಗಳಿಗೊಂದು. ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ಪ್ಲಸೀಬೊ, ನಾಲ್ಕು ಖಾಲಿ. ಯಾವ ತಿಂಗಳು ಯಾವುದು ಎಂಬುದು ಚೀಟಿಯ ಲೆಕ್ಕ. ತೊಂದರೆ ಎಷ್ಟಿದೆ ಎಂದು ದಿನಾ ಮೊಬೈಲ್‌ನಲ್ಲಿ ಸೊನ್ನೆಯಿಂದ ನೂರರೊಳಗೆ ಅಂಕ ಹಾಕಬೇಕು. ಖಾಲಿ ಬಾಟಲಿಯ ತಿಂಗಳುಗಳ ಸರಾಸರಿ 8. ಸ್ಟ್ಯಾಟಿನ್ ತಿಂಗಳುಗಳದ್ದು 16.3. ಪ್ಲಸೀಬೊ ತಿಂಗಳುಗಳದ್ದು 15.4! ತೊಂದರೆಯಲ್ಲಿ ಶೇ. 90ರಷ್ಟು ಮಾತ್ರೆ ನುಂಗಿದ್ದರಿಂದ ಬಂದದ್ದು, ಮಾತ್ರೆಯೊಳಗಿನ ಔಷಧದಿಂದ ಅಲ್ಲ.

ನೋವು ಸುಳ್ಳಾಗಿರಲಿಲ್ಲ ಅನ್ನುವುದನ್ನು ಮರೆಯಬಾರದು. ಅವರು ನಿಜಕ್ಕೂ ನೋವು ತಿಂದಿದ್ದರು. 2020ರಲ್ಲಿ ವರದಿ ಬಂತು. ತಮ್ಮದೇ ಅಂಕಗಳನ್ನು ನೋಡಿದ ಮೇಲೆ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಶುರು ಮಾಡಿದರು. ರೋಗಿಯನ್ನು ಗದರಿಸದೆ, ಅವರ ಕೈಗೇ ಲೆಕ್ಕ ಕೊಟ್ಟದ್ದು ಈ ಪ್ರಯೋಗದಲ್ಲಿ ನನಗೆ ಇಷ್ಟವಾದ ಸಂಗತಿ.

ಕೋವಿಡ್ ಲಸಿಕೆ ಪ್ರಯೋಗಗಳಲ್ಲೂ ಮೊದಲ ಡೋಸ್ ಆದ ಮೇಲೆ ಪ್ಲಸೀಬೊ ಪಡೆದವರಲ್ಲಿ ಶೇ. 35ರಷ್ಟು ಜನ ತಲೆನೋವು, ಸುಸ್ತಿನಂಥ ತೊಂದರೆ ಹೇಳಿದ್ದರು. ಇದರಲ್ಲೂ ಎಲ್ಲವೂ ನೊಸೀಬೊ ಅಲ್ಲ. ತಲೆನೋವು ಯಾವ ವಾರದಲ್ಲಾದರೂ ಯಾರಿಗಾದರೂ ಬಂದೇ ಬರುತ್ತದೆ.

ಪ್ಲಸೀಬೊ ಎಂದು ಗೊತ್ತಿದ್ದೇ ನುಂಗಿದರೆ?

2010ರಲ್ಲಿ ಹಾರ್ವರ್ಡ್‌ನ ಟೆಡ್ ಕ್ಯಾಪ್ಚಕ್ ತಂಡ ಇದನ್ನೇ ಮಾಡಿತು. ಕರುಳಿನ ಐಬಿಎಸ್ ತೊಂದರೆಯ 80 ಜನ. ಒಂದು ಗುಂಪಿಗೆ "ಇದರಲ್ಲಿ ಔಷಧ ಇಲ್ಲ" ಎಂದು ಹೇಳಿಯೇ ಮಾತ್ರೆ ಕೊಟ್ಟರು, ಇನ್ನೊಂದಕ್ಕೆ ಏನೂ ಇಲ್ಲ. ಮೂರು ವಾರದ ಕೊನೆಗೆ ಮೊದಲ ಗುಂಪಿನ ಶೇ. 59 ಮಂದಿ, ಎರಡನೆಯದರ ಶೇ. 35 ಮಂದಿ ಸಾಕಷ್ಟು ಆರಾಮ ಎಂದರು. ಕುತೂಹಲದ ಫಲಿತಾಂಶ. ಆದರೆ ಸಣ್ಣ ಪ್ರಯೋಗ, ಅವಧಿಯೂ ಕಡಿಮೆ. ಜೊತೆಗೆ ಪ್ಲಸೀಬೊ ಎಷ್ಟು ಬಲಶಾಲಿ ಎಂದು ಅವರಿಗೆ ಮೊದಲೇ ವಿವರಿಸಿದ್ದರು. ಇದನ್ನು ನಂಬಿ ಯಾರಾದರೂ ದುಡ್ಡು ಕೊಟ್ಟು ಪ್ಲಸೀಬೊ ಕೊಳ್ಳುವ ಮೊದಲು ಎರಡು ಸಲ ಯೋಚಿಸಲಿ.

ಮಾಮೂಲಿ ಚಿಕಿತ್ಸೆಯಲ್ಲೂ ಡಾಕ್ಟರುಗಳು ಪ್ಲಸೀಬೊ ಕೊಡುತ್ತಾರಾ?

ಅಮೆರಿಕದ ಡಾಕ್ಟರುಗಳನ್ನು ಕೇಳಿದ 2008ರ ಸಮೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಜನ ಆಗಾಗ ಕೊಡುತ್ತೇವೆ ಎಂದರು. ಸಕ್ಕರೆ ಮಾತ್ರೆ ಅಪರೂಪ. ಬೇಡದಿದ್ದರೂ ಬರೆಯುವ ವಿಟಮಿನ್, ಸಾದಾ ನೋವಿನ ಮಾತ್ರೆಗಳೇ ಜಾಸ್ತಿ. ವೈರಸ್ ಜ್ವರಕ್ಕೆ ಆ್ಯಂಟಿಬಯಾಟಿಕ್ ಬರೆಯುವುದು ಇದೇ ಜಾತಿ, ಆದರೆ ಅಪಾಯಕಾರಿ. ವೈರಸ್‌ಗೆ ಅದು ಏನೂ ಮಾಡುವುದಿಲ್ಲ, ಬ್ಯಾಕ್ಟೀರಿಯಾಗಳು ಮಾತ್ರ ಔಷಧಕ್ಕೆ ಜಗ್ಗದಂತೆ ಬಲಿಯುತ್ತವೆ.

ಪ್ರಯೋಗಕ್ಕೆ ಸೇರುವ ಮುಂಚೆ ಏನು ಕೇಳಬೇಕು?

ನನಗೆ ಪ್ಲಸೀಬೊ ಬೀಳುವ ಸಾಧ್ಯತೆ ಎಷ್ಟು? ಅದು ಬಿದ್ದರೆ ಈಗಿನ ಔಷಧ ಮುಂದುವರಿಯುತ್ತದೆಯೇ, ನಿಲ್ಲುತ್ತದೆಯೇ? ಕಾಯಿಲೆ ಹೆಚ್ಚಾದರೆ ಯಾರಿಗೆ ಫೋನ್ ಮಾಡಬೇಕು, ಗುಟ್ಟು ಬಿಚ್ಚುವ ವ್ಯವಸ್ಥೆ ಏನು? ಔಷಧ ಗೆದ್ದರೆ ಪ್ಲಸೀಬೊ ಗುಂಪಿನವರಿಗೆ ಆಮೇಲೆ ಸಿಗುತ್ತದೆಯೇ? ಎರಡನೇ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಸಹಿ ಹಾಕಬೇಡಿ.

"ಪ್ಲಸೀಬೊಗಿಂತ ಅಪಾಯ ಶೇ. 50 ಕಡಿಮೆ" ಎಂದು ಸುದ್ದಿ ಬಂದರೆ ಹೇಗೆ ಓದುವುದು?

ಪ್ಲಸೀಬೊ ಗುಂಪಿನ ಅಂಕಿ ಎಷ್ಟಿತ್ತು ಎಂದು ಹುಡುಕಿ. ನೂರರಲ್ಲಿ 40 ಇದ್ದದ್ದು 20 ಆದರೂ ಶೇ. 50, ನೂರರಲ್ಲಿ 2 ಇದ್ದದ್ದು 1 ಆದರೂ ಶೇ. 50. ಮೊದಲನೆಯದರಲ್ಲಿ ಐದು ಜನರಿಗೆ ಔಷಧ ಕೊಟ್ಟರೆ ಒಬ್ಬರಿಗೆ ಲಾಭ, ಎರಡನೆಯದರಲ್ಲಿ ನೂರು ಜನರಿಗೆ ಕೊಟ್ಟರೆ ಒಬ್ಬರಿಗೆ. ಅಳೆದದ್ದು ಏನನ್ನು ಎಂದೂ ನೋಡಿ: ರೋಗಿ ಹೇಳಿದ ನೋವೋ, ರಕ್ತದಲ್ಲಿನ ಅಂಕಿಯೋ, ಸಾವೋ? ಸುದ್ದಿಯಲ್ಲಿ ಇವು ಸಿಗದಿದ್ದರೆ ಮೂಲ ವರದಿಯ ಸಾರಾಂಶ ತೆರೆಯಿರಿ. ಎರಡೂ ಗುಂಪಿನ ಅಂಕಿಗಳು ಸಾಮಾನ್ಯವಾಗಿ ಅಲ್ಲೇ, ಫಲಿತಾಂಶದ ಸಾಲುಗಳಲ್ಲಿ ಇರುತ್ತವೆ.